ತಿಂಗಳಿಗೆ ಐದು

ಬೆಳಿಗ್ಗೆ ಎಂಟೂವರೆಗೆ ಹಣಕಾಸು ಶಾಸ್ತ್ರ,
ಸಂಜೆ ಆರಕ್ಕೆ ಅಡವಿನಂಗಡಿ.
ನಡುವೆ ಉಲಾನ್‌ಬಾತರಿನ ಒಂದು ಬಸ್ಸು,
ಡೇರೆಗಳ ಒಲೆಯಿಂದೆದ್ದ ಕಲ್ಲಿದ್ದಲ ಹೊಗೆಯೊಳಗೆ
ಹಗಲಲ್ಲೇ ದೀಪ ಹಾಕಿಕೊಂಡು ತಡವರಿಸುವ ಬಸ್ಸು.

ಮೊದಲ ವಾರ ಸರಂತುಯಾ ಟೀಚರ್ ಹೇಳಿದರು:
ಒಂದು ತಿಂಗಳು ಬರೆದಿಡಿ, ಬಂದದ್ದು, ಹೋದದ್ದು,
ಒಂದು ತುಗ್ರಿಕ್ಕೂ ಬಿಡದೆ.
ಬರೆದೆ. ಬಸ್ಸು, ಬ್ರೆಡ್ಡು, ಫೋನಿನ ಡೇಟಾ,
ಅಣ್ಣನ ಮಗುವಿಗೆ ಕೆಮ್ಮಿನ ಔಷಧ,
ಮತ್ತೆ ಬಸ್ಸು.
ಕೊನೆಗೆ ಜಮೆಗೂ ಖರ್ಚಿಗೂ ನಡುವೆ
ಹನ್ನೊಂದು ಸಾವಿರದ ಬಿರುಕು.
ಎಷ್ಟು ಕೆದಕಿದರೂ ನೆನಪಾಗಲಿಲ್ಲ.
'ಇತರೆ' ಎಂದು ಬರೆದೆ.
ಟೀಚರ್ ಕೆಂಪು ಶಾಯಿಯಲ್ಲಿ ಗೀಚಿದ್ದರು:
ಈ ಸಾಲಿನಿಂದಲೇ ಸಾಲ ಹುಟ್ಟುವುದು.

ಎರಡನೇ ವಾರ ಕಲಿತದ್ದು:
ನಾಳೆಯ ಸಾವಿರ ಇವತ್ತು ಸಾವಿರವಲ್ಲ.
ಅಂಗಡಿಯ ಗಿರಾಕಿಗಳಿಗೆ ಇದು ಮೊದಲೇ ಗೊತ್ತು.
ನನಗೆ ಅದಕ್ಕೊಂದು ಸೂತ್ರ ಕೊಟ್ಟರು,
ಅವರಿಗೆ ರಸೀದಿ.

ನನ್ನ ಮುಂದೆ ಗಾಜು, ಗಾಜಿಗೊಂದು ಕಂಡಿ,
ಕಂಡಿಯೊಳಗೆ ಬರುವುದು ಬರೀ ಕೈಗಳು.
ಮುಖ ನೋಡಬೇಡ, ಅನ್ನುತ್ತಾನೆ ಮಾಲೀಕ,
ಮುಖ ನೋಡಿದವನಿಗೆ ಬೆಲೆ ಕಟ್ಟಲು ಬರುವುದಿಲ್ಲ.
ಜೀನಿನ ಬೆಳ್ಳಿ ಬಿಲ್ಲೆಗಳು, ಹಳೆ ಲ್ಯಾಪ್‌ಟಾಪು, ಮದುವೆಯುಂಗುರ,
ಒಮ್ಮೆ, ಜನವರಿಯಲ್ಲಿ, ಒಂದು ಜೊತೆ ಬೂಟು.
ಕೊಟ್ಟವನು ಹೇಗೆ ಮನೆಗೆ ನಡೆದನೋ.

ತರಗತಿ ಅಷ್ಟರಲ್ಲಿ ಷೇರುಪೇಟೆ ತಲುಪಿತ್ತು.
ಲಂಡನ್ನಿನಲ್ಲಿ ತಾಮ್ರ ಸೀನಿದರೆ
ನಮ್ಮ ಪೇಟೆಗೆ ನೆಗಡಿ.
ಹಂಚಿಡಿ, ಅಂದರು ಟೀಚರ್,
ಒಂದು ಬಿದ್ದರೂ ಇನ್ನೊಂದು ನಿಂತಿರಲಿ.
ಹಿಂದಿನ ಬೆಂಚಿನಿಂದ ನೊಮುಂದರಿ ಎದ್ದಳು:
"ನಮ್ಮಜ್ಜಿ ಹಂಚಿಯೇ ಇಟ್ಟಿದ್ದಳು.
ಕುರಿ ತಮ್ಮನ ಹತ್ತಿರ, ಕುದುರೆ ನದಿಯಾಚೆ,
ಯಾಕ್ ಬೆಟ್ಟದ ಮೇಲೆ, ಒಂಟೆ ಗೋಬಿಯ ನಾದಿನಿಯಲ್ಲಿ.
ಜುಡ್ ಬಂದ ವರ್ಷ ಹಿಮ ಕಲ್ಲಾಯಿತು.
ಕೆಳಗೆ ಹುಲ್ಲು, ಮೇಲೆ ಗೊರಸು, ನಡುವೆ ಗಾಜು.
ವಸಂತಕ್ಕೆ ಮುಂಚೆ ಎಲ್ಲ ಮುಗಿದಿತ್ತು.
ಅದನ್ನು ಈ ಸೂತ್ರದಲ್ಲಿ ಎಲ್ಲಿ ಹಾಕಲಿ?"
ಟೀಚರ್ ಸ್ವಲ್ಪ ಹೊತ್ತು ಸುಮ್ಮನಿದ್ದರು.
ಬೋರ್ಡಿನ ಮೇಲೊಂದು ಗ್ರೀಕ್ ಅಕ್ಷರ ಬರೆದು,
ಅದರ ಮುಂದೆ 'ಒಂದು' ಎಂದು ಬರೆದು,
"ಇಲ್ಲಿ," ಅಂದರು.

ಆ ಗುರುವಾರ, ಮುಚ್ಚುವ ಹೊತ್ತಿಗೆ,
ಕಂಡಿಯೊಳಗೆ ಬಂತು ಒಂದು ಬೆಳ್ಳಿ ಬಟ್ಟಲು,
ನೀಲಿ ರೇಷ್ಮೆಯಲ್ಲಿ ಸುತ್ತಿದ್ದು.
ಅಂಚು ಒಂದೇ ಕಡೆ ಸವೆದಿತ್ತು,
ಒಬ್ಬರದೇ ತುಟಿ ವರ್ಷಗಟ್ಟಲೆ ಕೂತ ಜಾಗ.
ಹಿಡಿದ ಬೆರಳಿಗೆ ಹಸಿರು ಶಾಯಿ.
ಬೆಳಿಗ್ಗೆ ಬೋರ್ಡಿಗೆ ಹೋಗಿ ಬಾಂಡಿನ ಲೆಕ್ಕ ಬಿಡಿಸಿದವಳು
ಒಬ್ಬಳೇ.
ನಾನು ನಿಯಮ ಪಾಲಿಸಿದೆ.
ತೂಗಿದೆ. ಇನ್ನೂರ ಹತ್ತು ಗ್ರಾಂ.
ಬಡ್ಡಿ ತಿಂಗಳಿಗೆ ಐದು, ಮುದ್ದತು ತೊಂಬತ್ತು ದಿನ,
ರಸೀದಿ ಕಳೆದರೆ ವಸ್ತು ಕಳೆದಂತೆ:
ದಿನಕ್ಕೆ ನಲವತ್ತು ಸಲ ಒದರುವ ಮಂತ್ರ
ಅಂದು ಗಂಟಲಲ್ಲೇ ಕೂತಿತು.
"ಗೊತ್ತು," ಅಂದಿತು ಕೈ.

ಮರುದಿನ ಟೀಚರ್ ಕೇಳಿದರು:
ತಿಂಗಳಿಗೆ ಐದು ಅಂದರೆ ವರ್ಷಕ್ಕೆಷ್ಟು?
ಅರವತ್ತು, ಅಂದರು ಎಲ್ಲರೂ,
ಮುಂದಿನ ಸಾಲಿನ ಬ್ಯಾಂಕ್ ಮ್ಯಾನೇಜರನ ಮಗನೂ.
ನನಗೆ ಗೊತ್ತಿತ್ತು. ಬಾಯಿ ತೆರೆಯಲಿಲ್ಲ.
"ಎಪ್ಪತ್ತೊಂಬತ್ತು ಪಾಯಿಂಟ್ ಆರು,"
ಬಂತು ಹಿಂದಿನಿಂದ ಆ ದನಿ.
"ಬಡ್ಡಿಯೂ ಮರಿ ಹಾಕುತ್ತದೆ, ಟೀಚರ್.
ಹಿಮಕ್ಕೆ ಸಾಯದ ಮಂದೆ ಅದೊಂದೇ."
ತರಗತಿ ನಕ್ಕಿತು.
ಅವಳು ನನ್ನತ್ತ ನೋಡಲಿಲ್ಲ,
ನೋಡದಿರುವುದಕ್ಕೂ ಒಂದು ತೂಕವಿತ್ತು.

ಇವತ್ತಿಗೆ ಎಂಬತ್ತೇಳು ದಿನ.
ಸೋಮವಾರ ಪರೀಕ್ಷೆ.
ಮುದ್ದತು ಮೀರಿದ್ದನ್ನೆಲ್ಲ ಮಾಲೀಕ ಕಿಟಕಿಗಿಡುತ್ತಾನೆ.
ಬಟ್ಟಲು ಮೂರನೇ ಅರೆಯಲ್ಲಿದೆ.
ಅದರ ಮುಂದೆ ನಾನು
ಯಾರೂ ಬಿಡಿಸಿಕೊಳ್ಳದ ಒಂದು ಹಳೆ ಟೀವಿ ಸರಿಸಿಟ್ಟಿದ್ದೇನೆ.
ಮನೆಗೆ ಬಂದು ಲೆಕ್ಕದ ಪುಸ್ತಕ ತೆರೆದರೆ
ಇದು ಜಮೆಯೋ ಖರ್ಚೋ ತಿಳಿಯದು.
ಒಂದು ಸಾಲು ಖಾಲಿ ಬಿಟ್ಟು
ಬಸ್ಸಿನ ದುಡ್ಡು ಬರೆದೆ.